ನಲವತ್ತು ದಿನ ಬಿಟ್ಟೆ, ಈಸ್ಟರ್ ರಾತ್ರಿಯೇ ಕುಡಿದೆ

ಪ್ರಶ್ನೆ: ಪ್ರತಿ ವರ್ಷ ಬೂದಿ ಬುಧವಾರದಿಂದ, ಅಂದ್ರೆ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ದಿನದಿಂದ, ಕುಡಿಯೋದು ನಿಲ್ಲಿಸುತ್ತೇನೆ. ಕಬ್ಬು ಸಾಗಿಸುವ ಲಾರಿ ಓಡಿಸುತ್ತೇನೆ. ಸಂಜೆ ಜೊತೆಗಾರರು ಎಷ್ಟು ಕರೆದರೂ ಹೋಗುವುದಿಲ್ಲ. ಈಸ್ಟರ್ ಬಂತೋ, ಅವತ್ತು ರಾತ್ರಿಯೇ ಮತ್ತೆ ಶುರು. ಪ್ರಾರ್ಥನಾ ಕೂಟಕ್ಕೆ ಹೋಗುವ ನಮ್ಮಕ್ಕ, ‘ರಕ್ಷಣೆ ಕೃಪೆಯಿಂದ ಕಣೋ, ಸುಮ್ನೆ ಯಾಕೆ ಒದ್ದಾಡ್ತೀಯ?’ ಅನ್ನುತ್ತಾಳೆ. ಕೃಪೆಯೇ ಸಾಕು ಅಂದ್ರೆ ಈ ಕಟ್ಟುಪಾಡೆಲ್ಲ ಯಾಕೆ?
– ಹೆಸರು ಬೇಡ, ಮಂಡ್ಯ

ಉತ್ತರ: ನಿಮ್ಮಕ್ಕ ಹೇಳಿದ್ದು ಅರ್ಧ ಸರಿ. ರಕ್ಷಣೆ, ಅಂದ್ರೆ ಪಾಪದಿಂದ ಬಿಡುಗಡೆ, ದೇವರ ವರ, ನಾವು ದುಡಿದು ಗಳಿಸಿದ್ದಲ್ಲ ಅಂತ ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿದೆ. ಅದರ ಬೆನ್ನಿಗೇ, 10ನೇ ವಚನದಲ್ಲಿ, ಒಳ್ಳೆಯ ಕೆಲಸ ಮಾಡಲೆಂದೇ ದೇವರು ನಮ್ಮನ್ನು ರೂಪಿಸಿದ್ದಾರೆ ಅಂತಲೂ ಇದೆ. ಅಲ್ಲಿವರೆಗೆ ಓದುವ ತಾಳ್ಮೆ ಜಾಸ್ತಿ ಜನಕ್ಕಿಲ್ಲ, ಏನು ಮಾಡೋದು!

ನಿಮಗೆ ಬೇಕಾದ ಮಾತು ತೀತನಿಗೆ ಬರೆದ ಪತ್ರದಲ್ಲಿದೆ. ತೀತ ಕ್ರೇತ ದ್ವೀಪದಲ್ಲಿ ಕ್ರೈಸ್ತ ಸಭೆಗಳನ್ನು ನೋಡಿಕೊಳ್ಳುತ್ತಿದ್ದವನು. ಅಲ್ಲಿನವರು ಸುಳ್ಳುಗಾರರು, ಸೋಮಾರಿ ಹೊಟ್ಟೆಬಾಕರು ಅಂತ ಅವರಲ್ಲೇ ಒಬ್ಬ ಬೈದದ್ದನ್ನೂ ಪತ್ರ ಬಿಟ್ಟಿಲ್ಲ. ಅಂಥವರಿಗಾಗಿ ಬರೆದ 2ನೇ ಅಧ್ಯಾಯ ನೋಡಿ. ವಯಸ್ಸಾದವರು ಹೇಗಿರಬೇಕು, ಹುಡುಗರು ಹೇಗಿರಬೇಕು, ಅಜ್ಜಿಯರು ಕುಡಿತಕ್ಕೆ ಗುಲಾಮರಾಗಬಾರದು (ಹೌದು, ಅಜ್ಜಿಯರೇ!) ಅಂತ ಸಾಲಾಗಿ ಹೇಳಿ, 11ನೇ ವಚನ ‘ಯಾಕಂದರೆ’ ಅಂತ ಶುರುವಾಗುತ್ತದೆ. ಯಾಕಂದರೆ ದೇವರ ಕೃಪೆ ಪ್ರತ್ಯಕ್ಷವಾಗಿದೆ, ಹತೋಟಿಯಲ್ಲಿ ಬದುಕೋದನ್ನು ಆ ಕೃಪೆಯೇ ನಮಗೆ ಕಲಿಸುತ್ತದೆ. ಆ ‘ಕಲಿಸು’ ಅನ್ನೋದಕ್ಕೆ ಗ್ರೀಕ್ ಮೂಲದಲ್ಲಿರುವ ಪದ ಮಗುವನ್ನು ತಿದ್ದಿ ಬೆಳೆಸುವುದಕ್ಕೆ ಬಳಸುವಂಥದ್ದು. ಲೂಕನ ಶುಭಸಂದೇಶದಲ್ಲಿ ರೋಮನ್ ಅಧಿಪತಿ ಪಿಲಾತ, ಯೇಸುವನ್ನು ಹೊಡೆಸಿ ಬಿಟ್ಟುಬಿಡುತ್ತೇನೆ ಅನ್ನುವಾಗಲೂ ಅದೇ ಪದ. ಅಷ್ಟು ಬಿಗಿ ಇದೆ ಅದರಲ್ಲಿ.

ಮೈಸೂರಿನ ಗರಡಿಮನೆ ನೋಡಿದ್ದೀರಲ್ವಾ? ಕುಸ್ತಿ ಗೆದ್ದು ಬಾ, ಆಮೇಲೆ ಸೇರಿಸ್ಕೋತೀನಿ ಅಂತ ಯಾವ ಉಸ್ತಾದರೂ ಅನ್ನುವುದಿಲ್ಲ. ಮೊದಲು ಒಳಗೆ ಕರೆದುಕೊಳ್ಳುತ್ತಾರೆ. ಮಾರನೇ ದಿನ ಬೆಳಗಿನ ಜಾವ ಎಬ್ಬಿಸಿ, ಕೆಮ್ಮಣ್ಣು ಅಗೆಸಿ, ಕಾಲು ನಡುಗುವವರೆಗೆ ಬಸ್ಕಿ ಹೊಡೆಸುತ್ತಾರೆ. ಬೆವರು ಹುಡುಗನದೇ. ಆದರೆ ಅವನು ಬೆವರು ಸುರಿಸೋದು ಗರಡಿಗೆ ಸೇರೋಕಲ್ಲ, ಸೇರಿ ಆಗಿದೆ. ಪ್ರೇಷಿತ ಪೌಲನೂ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಹತೋಟಿಯ ಮಾತು ಹೇಳಿದ್ದು ಓಟಗಾರರನ್ನು, ಗುದ್ದಾಡುವವರನ್ನು ತೋರಿಸಿಯೇ.

ನಿಮ್ಮ ತೊಡಕು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ತಪಸ್ಸುಕಾಲವನ್ನು ನೀವು ಸಾಲದ ಕಂತಿನ ಹಾಗೆ ಕಟ್ಟುತ್ತಿದ್ದೀರಿ. ಈಸ್ಟರಿಗೆ ಲೆಕ್ಕ ಚುಕ್ತಾ, ಇನ್ನು ಯಾರ ಹಂಗೂ ಇಲ್ಲ! (ಅಂದಹಾಗೆ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ. ಲೆಕ್ಕಕ್ಕೆ ಬಾರದ 6 ಭಾನುವಾರ ಕಳೆದರೆ 40. ಭಾನುವಾರವೂ ಮುಟ್ಟಿಲ್ಲ ಅಂದ್ರೆ ಕಂತು ಜಾಸ್ತಿಯೇ ಕಟ್ಟಿದ್ದೀರಿ.)

ಈಸ್ಟರಿನಿಂದ, ಪವಿತ್ರಾತ್ಮ ಇಳಿದುಬಂದ ನೆನಪಿನ ಪೆಂತೆಕೋಸ್ತಿನವರೆಗೆ ಧರ್ಮಸಭೆ (ಚರ್ಚ್) 50 ದಿನ ಹಬ್ಬ ಮಾಡುತ್ತದೆ. ಆ ದಿನಗಳಲ್ಲಿ ಈ ಸಲ ಹೀಗೆ ಮಾಡಿ: ಹರಕೆ ಹೊರಬೇಡಿ. ಬೆಳಿಗ್ಗೆ ಲಾರಿ ಹತ್ತುವ ಮುಂಚೆ ಅವತ್ತೊಂದು ಸಂಜೆಗೆ ಬೇಕಾದ ಬಲವನ್ನಷ್ಟೇ ಕೇಳಿ. ಲೋಡ್ ಇಳಿಸಿದ ಮೇಲೆ ಜೊತೆಗಾರರು ಸೇರುವ ಜಾಗ ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಹೋಗಿ. ಎಡವಿದರೆ ಮುಂದಿನ ಬೂದಿ ಬುಧವಾರದ ತನಕ ಕಾಯೋದು ಬೇಡ, ಆ ವಾರವೇ ಗುರುಗಳ ಹತ್ತಿರ ಪಾಪನಿವೇದನೆಗೆ ಹೋಗಿ.

ಇನ್ನೊಂದು ಮಾತು. ಕುಡಿತ ನಿಲ್ಲಿಸಿದ ಒಂದೆರಡು ದಿನದಲ್ಲೇ ಕೈ ನಡುಗುವುದು, ಬೆವರುವುದು, ನಿದ್ದೆ ಬಾರದಿರುವುದು ಆಗುತ್ತಿದ್ದರೆ ಹಟಕ್ಕೆ ಬಿದ್ದು ಒಬ್ಬರೇ ನಿಲ್ಲಿಸಬೇಡಿ. ಕೆಲವರಿಗೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅಕ್ಕನನ್ನೂ ಜೊತೆಗೆ ಕರೆದುಕೊಂಡು ಹೋಗಿ.