ಪ್ರತಿಕ್ರಿಯೆ: ಚೆಂಡೆ ಕಿವಿಗೆ ಚುಚ್ಚುತ್ತಿದ್ದರೆ
ಉಡುಪಿಯಲ್ಲಿ ಮಾಡಿದ ತಾಳಮದ್ದಳೆ ರೆಕಾರ್ಡಿಂಗ್‌ನಲ್ಲಿ ಚೆಂಡೆ ಕಿವಿಗೆ ಚುಚ್ಚುತ್ತದೆ, ವಾಲ್ಯೂಮ್ ಇಳಿಸಿದರೆ ಮಾಯವೇ ಆಗುತ್ತದೆ ಅಂದಿರಿ ಅಲ್ವಾ? ವಾಲ್ಯೂಮ್ ಏರಿಸಿ ಇಳಿಸುವ ಫೇಡರ್ ಮುಟ್ಟಬೇಡಿ. ತೊಂದರೆ ಇರುವುದು ಕೋಲು ತಾಗುವ ಆ ಮೊದಲ ‘ಟಣ್’ನಲ್ಲಿ. ಜೋರಾದ ಸದ್ದನ್ನು ತಾನೇ ತಗ್ಗಿಸುವ ಕಂಪ್ರೆಸರ್ ಹಾಕಿ, ಅಟ್ಯಾಕ್ (ತಗ್ಗಿಸಲು ಅದು ತೆಗೆದುಕೊಳ್ಳುವ ಸಮಯ) 1ರಿಂದ 3 ಮಿಲಿಸೆಕೆಂಡ್ ಇಡಿ. 30 ಇಟ್ಟರೆ ಪೆಟ್ಟು ಹಾಗೇ ದಾಟಿಹೋಗುತ್ತದೆ, ಪೆಟ್ಟಿನ ನಂತರದ ನಾದ ಮಾತ್ರ ತಗ್ಗುತ್ತದೆ. ಚುಚ್ಚುವುದು ಇನ್ನೂ ಜಾಸ್ತಿ! ನಾನೂ ಸುಮಾರು ದಿನ ಅದೇ ತಪ್ಪು ಮಾಡಿದವನೇ.

ಆಮೇಲೆ 2ರಿಂದ 5 ಕಿಲೋಹರ್ಟ್ಸ್ ನಡುವೆ ಡೈನಾಮಿಕ್ ಈಕ್ಯೂ (ಆ ಭಾಗದ ಸದ್ದು ಜೋರಾದಾಗ ಮಾತ್ರ ಅದನ್ನು ತಗ್ಗಿಸುವಂಥದ್ದು) ಹಾಕಿ. ಪೆಟ್ಟು ಬಿದ್ದಾಗ ಮಾತ್ರ 3-4 ಡೆಸಿಬಲ್ ಇಳಿಯಲಿ. ಭಾಗವತರ ಮೈಕನ್ನೂ ಸೋಲೋ ಮಾಡಿ, ಅಂದರೆ ಅದೊಂದನ್ನೇ ಕೇಳಿ. ಚೆಂಡೆ ಅಲ್ಲಿಗೂ ನುಗ್ಗಿರುತ್ತದೆ. ಎಷ್ಟೋ ಸಲ ಕರ್ಕಶ ಬರುವುದು ಅಲ್ಲಿಂದಲೇ, ನಾವು ಸುಮ್ನೆ ಚೆಂಡೆಯ ಟ್ರ್ಯಾಕನ್ನು ಬೈಯುತ್ತಿರುತ್ತೇವೆ.