ಮಾಜಿ ಸೈನಿಕರ ಪುಟ: ‘ಅಪ್ಪ ಲಂಕೆಯ ಮಾತೆತ್ತಿದರೆ ಎದ್ದು ಹೋಗುತ್ತಾರೆ’

ಪ್ರಶ್ನೆ: ನಮ್ಮಪ್ಪ 1987ರಿಂದ 89ರವರೆಗೆ ಭಾರತದ ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾದಲ್ಲಿದ್ದರು. ಆ ಸುದ್ದಿ ತೆಗೆದರೆ ಎದ್ದು ಹೋಗುತ್ತಾರೆ. ಹೊಲದ ದಾರೀಲಿ ಹೊಸದಾಗಿ ಅಗೆದ ಮಣ್ಣು ಕಂಡರೆ ಈಗಲೂ ಬದುವಿನ ಮೇಲೆ ಬಳಸಿಕೊಂಡು ಹೋಗುತ್ತಾರೆ. ಅಲ್ಲಿದ್ದ ಜವಾನರಿಗೆ ಆ ಯುದ್ಧ ಸರಿ ಅನ್ನಿಸಿತ್ತೆ?
– ಹೆಸರು ಬೇಡ, ಚನ್ನರಾಯಪಟ್ಟಣ

ಉತ್ತರ: ನಮ್ಮನ್ನು ಕೇಳಿದವರಾದರೂ ಯಾರು! ಇಲ್ಲ, ತಪ್ಪು ಹೇಳಿದೆ, ಕೇಳುತ್ತಿದ್ದರು. ಸೈನಿಕ ಸಮ್ಮೇಳನದಲ್ಲಿ ಸಾಹೇಬರು ಭಾಷಣ ಮುಗಿಸಿ ‘ಕೋಯಿ ಪಾಯಿಂಟ್?’ (ಏನಾದರೂ ಹೇಳುವುದಿದೆಯೆ?) ಎನ್ನುವರು. ಒಬ್ಬ ಎದ್ದು ರಜೆಯ ಮಾತಾಡುವನು, ಇನ್ನೊಬ್ಬ ಬೂಟಿನದು. ಮಿಕ್ಕವರೆಲ್ಲ ‘ನೋ ಪಾಯಿಂಟ್ ಸಾಬ್’. ನಿಜವಾದ ಪಾಯಿಂಟು ಬಾಯಿಗೆ ಬರುತ್ತಿದ್ದದ್ದು ಲಂಗರಿನ, ಅಂದರೆ ಜವಾನರ ಅಡುಗೆಮನೆಯ, ಸಾಲಿನಲ್ಲಿ, ತಟ್ಟೆ ಹಿಡಿದು ನಿಂತಾಗ.

ನಾನು ಮದ್ರಾಸ್ ಸ್ಯಾಪರ್ಸ್‌ನವನು, ನೆಲಬಾಂಬು ಹುಡುಕಿ ತೆಗೆಯುವ ಸೇನೆಯ ಎಂಜಿನಿಯರ್ ದಳದವನು. ಹಲಸೂರಿನ ಸೆಂಟರಿನಲ್ಲಿ ತಮಿಳು ಹುಡುಗರ ಜತೆ ಇದ್ದು ಅರೆಬರೆ ತಮಿಳು ಕಲಿತಿದ್ದೆ. 1987ರ ಜುಲೈ 29ಕ್ಕೆ ರಾಜೀವ್ ಗಾಂಧಿ, ಲಂಕೆಯ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದೇ ತಡ, ಪಡೆ ಇಳಿಯಿತು. ತಮಿಳರ ಊರಾದ ಜಾಫ್ನಾದ ಜನ ಮೊದಲು ಹಾರ ಹಾಕಿಯೇ ಬರಮಾಡಿಕೊಂಡರು. ತಾಳೆಗರಿ ಬೇಲಿಯ ಮನೆಯ ಅಜ್ಜಿಯೊಬ್ಬಳು ಬಾವಿಯಿಂದ ನೀರು ಸೇದಿ ಕೊಟ್ಟು ‘ನೀಂಗ ತಮಿಳಾ?’ ಅಂದಳು. ‘ಇಲ್ಲೆಮ್ಮಾ, ಕನ್ನಡಂ’ ಅಂದೆ. ಇನ್ನೊಂದು ಚೊಂಬು ಕೊಟ್ಟಳು. ನೀವು ಕೇಳಿದಿರಲ್ಲ, ಆ ಎರಡು ತಿಂಗಳು ಸರಿ ಅನ್ನಿಸಿತ್ತು.

ಅಕ್ಟೋಬರಿನಲ್ಲಿ ಹುಲಿಗಳ ಮೇಲೆಯೇ, ಅಂದರೆ ಪ್ರತ್ಯೇಕ ತಮಿಳು ನಾಡಿಗಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಮೇಲೆಯೇ, ಯುದ್ಧ. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಸತ್ತರೆಂಬ ಸುದ್ದಿ ಬಂದ ದಿನ ಲಂಗರಿನಲ್ಲಿ ಸದ್ದೇ ಇಲ್ಲ. ಹೊಡೆದವರಲ್ಲಿ ನಮ್ಮ ದೇಶವೇ ಹಿಂದೆ ತರಬೇತಿ ಕೊಟ್ಟ ಹುಡುಗರಿದ್ದರು. ಅವರ ಕೈಲಿ ಎಕೆ-47, ನಮ್ಮ ಕೈಲಿ ಒಂದೊಂದೇ ಗುಂಡು ಹಾರಿಸುವ ಎಸ್‌ಎಲ್‌ಆರ್ ರೈಫಲ್. 1971ರ ಪಾಕಿಸ್ತಾನದ ಯುದ್ಧ ನೋಡಿದ್ದ ನಮ್ಮ ಸುಬೇದಾರ್ ಸಾಹೇಬರು ಗೊಣಗುತ್ತಿದ್ದರು: ‘ಆಗ ಗಡಿಯಾಚೆ ಶತ್ರು ಇದ್ದ. ಇಲ್ಲಿ ಬೇಲಿಯಾಚೆ ನೋಡಿದರೆ ಸೀರೆ ಒಣಗಿ ಹಾಕಿದ್ದಾರೆ.’ ಅಜ್ಜಿಯ ಮನೆ ಬಾಗಿಲು ಆಮೇಲೆ ತೆಗೆದದ್ದು ನಾನು ಕಾಣೆ. ನಮ್ಮ ಗುಂಡಿಗೂ ಅಲ್ಲಿಯ ಜನ ಸತ್ತರು. ನಿಮ್ಮ ತಂದೆಯವರು ಎದ್ದು ಹೋಗುವುದರಲ್ಲಿ ಅದೂ ಇರಬಹುದು, ಕೆದಕಬೇಡಿ.

ಇನ್ನು ಆ ಮಣ್ಣಿನ ವಿಚಾರ. ನೆಲಬಾಂಬು ಪತ್ತೆಹಚ್ಚುವ ಡಿಟೆಕ್ಟರ್ ಕೂಗುವುದು ಲೋಹಕ್ಕೆ. ಹುಲಿಗಳು ಪ್ಲಾಸ್ಟಿಕ್ ಜೆರಿಕ್ಯಾನಿಗೆ ಮದ್ದು ತುಂಬಿ, ರಸ್ತೆಯಡಿ, ಮೋರಿಯಡಿ ಹೂತು, ದೂರಕ್ಕೆ ವೈರು ಎಳೆದುಕೊಂಡು ಕಾಯುತ್ತಿದ್ದರು. ಹಾಗಾಗಿ ಕಣ್ಣೇ ಡಿಟೆಕ್ಟರ್. ಮಣ್ಣಿನ ಬಣ್ಣ ಒಂದು ಚೂರು ಬೇರೆಯೇ? ಅಲ್ಲಿಯ ಹುಲ್ಲು ಮಾತ್ರ ಬಾಡಿದೆಯೇ? ಮಂಡಿಯೂರಿ, ಸಲಾಕೆಯನ್ನು ಓರೆಯಾಗಿ ಚುಚ್ಚುತ್ತ, ಬೆಳಗೆಲ್ಲ ಕಳೆದರೂ ಒಂದು ಫರ್ಲಾಂಗು ಮುಗಿಯುತ್ತಿರಲಿಲ್ಲ. ಹಿಂದೆ ಲಾರಿಯಲ್ಲಿ ಇಪ್ಪತ್ತು ಜನ ನಿಮ್ಮ ಬೆನ್ನನ್ನೇ ನೋಡುತ್ತ ಕೂತಿರುತ್ತಾರೆ. ಆ ಹೊತ್ತಿನಲ್ಲಿ ಸರಿಯೋ ತಪ್ಪೋ ಯಾರಿಗೆ ಹೊಳೆಯುತ್ತದೆ?

ಮನಸ್ಸು ಮುರಿದದ್ದು ಕೊನೆಯ ವರ್ಷ. ಲಂಕೆಯ ಹೊಸ ಅಧ್ಯಕ್ಷ ಪ್ರೇಮದಾಸ 1989ರ ಜುಲೈ ಮುಗಿಯುವುದರೊಳಗೆ ಜಾಗ ಖಾಲಿ ಮಾಡಿ ಎಂದರು, ಅತ್ತ ಹುಲಿಗಳಿಗೆ ಆಯುಧವನ್ನೂ ಕೊಟ್ಟರು. ಸಿಂಹಳೀಯರಿಗೆ ಬೇಡ, ತಮಿಳರಿಗೆ ಬೇಡ. ಊರಿಂದ ಬಂದ ಇನ್‌ಲ್ಯಾಂಡ್ ಪತ್ರದಲ್ಲೂ ‘ನಿಮಗೆ ಅಲ್ಲೇನು ಕೆಲಸ?’ ಅಂತಲೇ ಇರುತ್ತಿತ್ತು. ಸುಮಾರು 1,200 ಜನರನ್ನು ಕಳೆದುಕೊಂಡು, 1990ರ ಮಾರ್ಚ್ 24ಕ್ಕೆ ಕೊನೆಯ ತಂಡ ಟ್ರಿಂಕೋಮಲಿ ಬಂದರು ಬಿಟ್ಟಿತು. ಮದ್ರಾಸಿನಲ್ಲಿ ನಡೆದ ಸ್ವಾಗತಕ್ಕೆ ಮುಖ್ಯಮಂತ್ರಿ ಕರುಣಾನಿಧಿ ಬರಲಿಲ್ಲ. ನಾನು ಅದಕ್ಕೂ ಮೊದಲೇ ರಜೆಗೆ ಬಂದಾಗ, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹಿರಿಯರೊಬ್ಬರು ನನ್ನ ಟ್ರಂಕ್ ನೋಡಿ ‘ದುಬೈಯಿಂದಾ?’ ಅಂದರು. ಹೂಂ ಅಂದುಬಿಟ್ಟೆ.

ತಂದೆಯವರನ್ನು ಯುದ್ಧದ ಬಗ್ಗೆ ಕೇಳಬೇಡಿ. ಲಂಗರಿನ ದಾಲ್ ಹೇಗಿರುತ್ತಿತ್ತು, ಪಕ್ಕದ ಹಾಸಿಗೆಯವನು ಯಾವ ಊರಿನವನು, ಇಷ್ಟು ಕೇಳಿ ನೋಡಿ. ಮಣ್ಣಿನ ವಿಷಯಕ್ಕೆ ನಗಬೇಡಿ. ನಮ್ಮ ಬಡಾವಣೆಯಲ್ಲಿ ಮೊನ್ನೆ ನೀರಿನ ಪೈಪಿಗೆಂದು ರಸ್ತೆ ಅಗೆದು ಮುಚ್ಚಿದ್ದಾರೆ. ತರಕಾರಿ ಅಂಗಡಿಗೆ ನಾನೀಗ ಹಿಂದಿನ ಬೀದಿಯಿಂದ ಹೋಗುತ್ತೇನೆ. ಅರ್ಧ ಗಂಟೆ ತಡವಾಯಿತೆಂದು ಮನೆಯಾಕೆ ದಿನಾ ಬೈಯುತ್ತಾಳೆ.