ರೇಷ್ಮೆ ಬಿಚ್ಚುವ ಅಮ್ಮನ ಬೆರಳಚ್ಚು ಸವೆದಿದೆ, ಜರ್ಮನಿಯ ಗಡಿಯಲ್ಲಿ ತಡೆಯುತ್ತಾರಾ?

ಇಲ್ಲ, ಅಷ್ಟಕ್ಕೇ ವಾಪಸ್ ಕಳಿಸುವುದಿಲ್ಲ. ಶಿಡ್ಲಘಟ್ಟದ ಬಿಚ್ಚಾಣಿಕೆ ಘಟಕದಲ್ಲಿ ದಿನವಿಡೀ ಬಿಸಿನೀರಿಗೆ ಕೈಹಾಕಿ ಗೂಡಿನ ಎಳೆ ಹಿಡಿಯುವವರ ಬೆರಳ ತುದಿ ನುಣುಪಾಗುವುದು ಸಹಜ. ಬೆರಳಿನ ಗೆರೆ ಎಲ್ಲಿ ಮುಗಿಯಿತು, ಎಲ್ಲಿ ಕವಲೊಡೆಯಿತು ಎಂಬ ಗುರುತುಗಳನ್ನೇ ಯಂತ್ರ ಹೋಲಿಸುವುದು. ಸವೆದ ಬೆರಳಲ್ಲಿ ಅವು ಸಿಗುವುದಿಲ್ಲ. ಆದರೆ ಗೆರೆಗಳ ಮೂಲ ಅಚ್ಚು ಇರುವುದು ಒಳಚರ್ಮದಲ್ಲಿ. ಕೆಲವು ವಾರ ಕೆಲಸ ಬಿಟ್ಟರೆ ಬಹುಮಟ್ಟಿಗೆ ಮತ್ತೆ ಮೂಡುತ್ತವೆ.

ಜರ್ಮನಿ ಸೇರಿ ಯೂರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾಗೆ ಹತ್ತೂ ಬೆರಳಿನ ಅಚ್ಚು ಕೇಳುತ್ತಾರೆ. ಆಗದಿದ್ದರೆ ಸಿಕ್ಕಷ್ಟು ಬೆರಳು ಸಾಕು, ಒಂದೂ ಸಿಗದವರಿಗೆ ವಿನಾಯಿತಿಯೂ ಉಂಟು. ಗಡಿಯಲ್ಲಿ ಮುಖವನ್ನೂ ನೋಡುತ್ತಾರೆ. ಅರ್ಜಿ ಹಾಕುವ ಮುಂಚೆ ಅಮ್ಮನವರ ಕೈಗೆ ದಯವಿಟ್ಟು ತಿಂಗಳು ಬಿಡುವು ಕೊಡಿ, ರಾತ್ರಿ ಕೊಬ್ಬರಿ ಎಣ್ಣೆ ಸವರಿ.